ಕೀಲುನೋವು ಮತ್ತು ಪೂರಕ ಮಾತ್ರೆಗಳ ಆಯ್ಕೆ

ಅಬಿಡ್ಸಿನ ದೊಡ್ಡ ಅಂಚೆ ಕಚೇರಿಯ ವೃತ್ತದಿಂದ ಕೋಠಿಯ ಕಡೆಗೆ ನಡೆದು ಹೋಗುವವರು ದಾರಿಯುದ್ದಕ್ಕೂ ಔಷಧದ ಅಂಗಡಿಗಳನ್ನು ಕಾಣುತ್ತಾರೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಡಬ್ಬಿಗಳು ಅಲ್ಲಿ ಕಣ್ಣಿಗೆ ಬೀಳುವಂತೆ ಮುಂದಿನ ಸಾಲಿನಲ್ಲಿಯೇ ಇರುತ್ತವೆ. ಸುಣ್ಣದಂಶದ ಮಾತ್ರೆ, ಡಿ ಜೀವಸತ್ವದ ಪುಡಿ, ಗ್ಲುಕೋಸಮೈನ್, ಕೊಲಾಜೆನ್, ಅರಿಸಿನದ ಸತ್ವ, ಮೀನೆಣ್ಣೆಯ ಗುಳಿಗೆ ಇವೆಲ್ಲವೂ ಕೀಲುಗಳ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಐವತ್ತು ದಾಟಿದ, ಮೆಟ್ಟಿಲೇರುವಾಗ ಮೊಣಕಾಲನ್ನು ಹಿಡಿದುಕೊಳ್ಳುವ ಗೃಹಸ್ಥರು ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಅಥವಾ ಯಾವುದನ್ನೂ ಕೊಳ್ಳಬೇಕಾಗಿಲ್ಲವೇ?

ಈ ಪ್ರಶ್ನೆ ಸಣ್ಣದಲ್ಲ. ಇಂತಹ ಎರಡು ಮೂರು ಡಬ್ಬಿಗಳಿಗೆ ತಿಂಗಳಿಗೆ 1,500 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 18,000 ರೂಪಾಯಿ ಆಗುತ್ತದೆ. ನಿವೃತ್ತಿ ವೇತನವನ್ನೇ ನಂಬಿದ ಸಂಸಾರಕ್ಕೆ ಇದು ಹಗುರವಾದ ಹೊರೆಯಲ್ಲ. ಹಣಕ್ಕಿಂತ ದೊಡ್ಡ ನಷ್ಟವೂ ಉಂಟು. ಡಬ್ಬಿಯನ್ನು ನಂಬಿ ಕಳೆದ ತಿಂಗಳುಗಳಲ್ಲಿ ನಿಜವಾದ ರೋಗವು ಕೀಲನ್ನು ಕೆಡಿಸುತ್ತಾ ಹೋಗಬಹುದು. ಆದುದರಿಂದ ಆಯ್ಕೆಗೆ ಒಂದು ನಿಯಮವಿರುವುದು ಒಳ್ಳೆಯದು. ಅದು ಇಷ್ಟೆ: ಕೊರತೆಯಿದ್ದಲ್ಲಿ ಪೂರಕವು ಔಷಧ, ಕೊರತೆಯಿಲ್ಲದಲ್ಲಿ ಅದು ಬರಿಯ ವೆಚ್ಚ, ಕೆಲವೊಮ್ಮೆ ಅಪಾಯ.

ಕೀಲಿನ ರಚನೆ

ಎರಡು ಎಲುಬುಗಳು ಕೂಡುವ ಸ್ಥಾನವೇ ಕೀಲು. ಎಲುಬುಗಳ ತುದಿಗಳು ಒಂದಕ್ಕೊಂದು ನೇರವಾಗಿ ಉಜ್ಜದಂತೆ ಅವುಗಳ ಮೇಲೆ ನಯವಾದ ಮೃದ್ವಸ್ಥಿಯ ಹೊದಿಕೆಯಿದೆ. ನಡುವೆ ಜಾರುವಿಕೆಗೆಂದು ಕೀಲುರಸವಿದೆ. ಸುತ್ತಲೂ ಚೀಲದಂತಹ ಪೊರೆ, ಬಿಗಿಯಾದ ತಂತುಗಳು, ಅವುಗಳ ಹೊರಗೆ ಸ್ನಾಯುಗಳು. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಕೀಲು ಚಲಿಸಿದಾಗ ಒಳಹೊರಗೆ ಹರಿಯುವ ರಸದಿಂದಲೇ ಅದು ಪೋಷಣೆಯನ್ನು ಪಡೆಯುತ್ತದೆ. ಚಲನೆಯಿಲ್ಲದ ಕೀಲು ಏಕೆ ಬೇಗ ಬಿರುಸಾಗುತ್ತದೆ ಎಂಬುದಕ್ಕೂ, ಸವೆದ ಮೃದ್ವಸ್ಥಿ ಏಕೆ ಸುಲಭವಾಗಿ ಮತ್ತೆ ಬೆಳೆಯುವುದಿಲ್ಲ ಎಂಬುದಕ್ಕೂ ಇದೇ ಕಾರಣ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಸುಣ್ಣದಂಶ ಮತ್ತು ಡಿ ಜೀವಸತ್ವ ಎಲುಬಿಗೆ ಬೇಕಾದವು. ವಯಸ್ಸಿನೊಡನೆ ಬರುವ ಸಾಮಾನ್ಯ ಮೊಣಕಾಲುನೋವಿನಲ್ಲಿ ಮುಖ್ಯವಾಗಿ ಸವೆಯುವುದು ಮೃದ್ವಸ್ಥಿ. ಎಲುಬಿಗೆ ಬೇಕಾದ ಸಾಮಗ್ರಿಯನ್ನು ಎಷ್ಟು ಸುರಿದರೂ ಮೃದ್ವಸ್ಥಿಯ ಸವೆತವು ತುಂಬುವುದಿಲ್ಲ. ಈ ಎರಡನ್ನು ಒಂದೆಂದು ತಿಳಿಯುವುದರಿಂದಲೇ ಅನೇಕ ಮನೆಗಳಲ್ಲಿ ವರ್ಷಗಟ್ಟಲೆ ಸುಣ್ಣದ ಮಾತ್ರೆಗಳನ್ನು ನುಂಗುವ ಪದ್ಧತಿ ಬೆಳೆದಿದೆ.

ನೋವು ಒಂದೇ, ಕಾರಣ ಹಲವು

ಆಹಾರ ಮತ್ತು ಎಲುಬಿನ ಸಂಬಂಧವನ್ನು ಅರಿಯಲು ಹೈದರಾಬಾದಿನ ನಿವಾಸಿಗಳು ದೂರ ಹೋಗಬೇಕಾಗಿಲ್ಲ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರಿಂದ ಸಣ್ಣದಾಗಿ ಆರಂಭವಾಗಿ, 1958ರಲ್ಲಿ ಈ ನಗರಕ್ಕೆ ಬಂದಿತು. ಇಲ್ಲಿನ ತಜ್ಞರು ಪರಿಶೀಲಿಸಿದ ಎರಡು ಪ್ರಕರಣಗಳು ಪೂರಕಗಳನ್ನು ಕೊಳ್ಳುವ ಪ್ರತಿಯೊಬ್ಬರಿಗೂ ಪಾಠವಾಗಬಲ್ಲವು.

ಮೊದಲನೆಯದು ಹೈದರಾಬಾದಿಗೆ ಸುಮಾರು ನೂರು ಕಿಲೋಮೀಟರ್ ದೂರದ ನಲ್ಗೊಂಡದ ಕಡೆಯದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದರೆ ಎಲುಬುಗಳು ಕೆಡುತ್ತವೆ ಎಂಬುದು ಭಾರತದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿಯಾಯಿತು. ನಲ್ಗೊಂಡದ ಹಳ್ಳಿಗಳಲ್ಲಿ ಬೆನ್ನೆಲುಬು ಬಿಗಿದು, ಕೀಲುಗಳು ಮಡಿಚಲಾರದೆ, ನಡುವಯಸ್ಸಿನಲ್ಲಿಯೇ ಬಾಗಿದವರು ಇದ್ದರು. ಮೊಣಕಾಲುಗಳು ಒಳಮುಖವಾಗಿ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ಫ್ಲೋರೈಡ್ ಪೀಡಿತ ಪ್ರದೇಶದಲ್ಲಿ ಕಂಡು ಪೋಷಣ ಸಂಸ್ಥೆಯ ತಜ್ಞರು 1973ರಲ್ಲಿ ಪ್ರಕಟಿಸಿದರು. ಆಹಾರದಲ್ಲಿ ಸುಣ್ಣದಂಶ ಕಡಿಮೆಯಿದ್ದರೆ ಈ ರೋಗ ಹೆಚ್ಚು ತೀವ್ರವಾಗುತ್ತದೆ ಎಂಬುದು ನಿಜ. ಆದರೆ ಮೂಲವಿರುವುದು ನೀರಿನಲ್ಲಿ. ಕೊಳವೆಬಾವಿಯ ನೀರನ್ನು ಬಿಡದೆ ಎಷ್ಟು ಮಾತ್ರೆಗಳನ್ನು ನುಂಗಿದರೂ ಕೀಲು ಸಡಿಲವಾಗದು. ಇದಕ್ಕೆ ಪರಿಹಾರವೆಂದು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು ರೂಪಿಸಿದ, ಪಟಿಕ ಮತ್ತು ಸುಣ್ಣದಿಂದ ನೀರನ್ನು ಶುದ್ಧಗೊಳಿಸುವ ವಿಧಾನಕ್ಕೆ ನಲ್ಗೊಂಡದ ಹೆಸರೇ ನಿಂತಿದೆ. ಕರ್ನಾಟಕದ ಪಾವಗಡ, ಮುಂಡರಗಿ, ಬಾಗೇಪಲ್ಲಿಗಳಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ಮಾತು ಅಪರಿಚಿತವಲ್ಲ. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಭಾರತೀಯ ಮಾನಕದ ಮಿತಿ. ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಂ.

ಎರಡನೆಯ ಪ್ರಕರಣ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನದು. 1975ರ ಸುಮಾರಿಗೆ ಹಂದಿಗೋಡು ಎಂಬ ಹಳ್ಳಿಯಲ್ಲಿ ಸೊಂಟದ ಕೀಲು, ಮೊಣಕಾಲುಗಳು ನೊಂದು, ನಡೆಯಲಾರದೆ ತೆವಳುವ ಸ್ಥಿತಿಗೆ ಬಂದವರಿದ್ದಾರೆಂಬುದು ಬೆಳಕಿಗೆ ಬಂದಿತು. ರೋಗಕ್ಕೆ ಆ ಹಳ್ಳಿಯ ಹೆಸರೇ ಉಳಿಯಿತು. ಪೀಡಿತರು ಕೂಲಿಮಾಡಿ ಬದುಕುವ ಬಡವರು. ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿಗಳನ್ನು ತಿಂದುದೇ ಕಾರಣವಿರಬೇಕೆಂಬ ಶಂಕೆ ಮೊದಲು ಹುಟ್ಟಿತು. ಬಡವರ ಊಟದಲ್ಲಿಯೇ ದೋಷವನ್ನು ಹುಡುಕುವುದು ಸಹಜವಾಗಿತ್ತು. ಹೈದರಾಬಾದಿನ ಪೋಷಣ ಸಂಸ್ಥೆಯವರು ಪರಿಶೀಲಿಸಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿರೋಗವೆಂದು ವಿವರಿಸಿದರು. ಮುಂದಿನ ಸಂಶೋಧನೆಗಳು ಇದು ತಂದೆತಾಯಿಗಳಿಂದ ಮಕ್ಕಳಿಗೆ ಬರುವ, ಎಲುಬಿನ ಬೆಳವಣಿಗೆಯ ದೋಷವೆಂದು ತೋರಿಸಿದವು. ಇಲ್ಲಿ ಜೀವಸತ್ವದ ಮಾತ್ರೆಯು ರೋಗದ ಮೂಲವನ್ನು ಮುಟ್ಟಲಾರದು.

ಒಂದೆಡೆ ಕಾರಣ ನೀರು, ಮತ್ತೊಂದೆಡೆ ವಂಶ. ಮೂರನೆಯ ಕಡೆ ನಿಜವಾದ ಜೀವಸತ್ವದ ಕೊರತೆ, ನಾಲ್ಕನೆಯ ಕಡೆ ದೇಹದ ತೂಕ ಮತ್ತು ವಯಸ್ಸು. ರೋಗಿಯ ಬಾಯಿಂದ ಬರುವ ಮಾತು ಮಾತ್ರ ಒಂದೇ: ಮೊಣಕಾಲು ನೋಯುತ್ತದೆ. ಅಂಗಡಿಯ ಡಬ್ಬಿಗೆ ಈ ನಾಲ್ಕನ್ನು ಬೇರ್ಪಡಿಸಿ ನೋಡುವ ಶಕ್ತಿಯಿಲ್ಲ.

ಡಿ ಜೀವಸತ್ವ

ಪೂರಕಗಳಲ್ಲಿ ನಿಜವಾದ ಉಪಯೋಗ ಸ್ಪಷ್ಟವಾಗಿ ಸಿದ್ಧವಾಗಿರುವುದು ಡಿ ಜೀವಸತ್ವದ ಕೊರತೆಯಲ್ಲಿ. ಚರ್ಮದ ಮೇಲೆ ಬಿಸಿಲು ಬಿದ್ದಾಗ ಶರೀರವೇ ಇದನ್ನು ತಯಾರಿಸಿಕೊಳ್ಳುತ್ತದೆ. ಬಹುಮಹಡಿ ಮನೆಗಳಲ್ಲಿ ವಾಸ, ದಿನವಿಡೀ ಕಚೇರಿಯೊಳಗಿನ ಕೆಲಸ, ಮೈತುಂಬ ಉಡುಪು ಇವುಗಳಿಂದಾಗಿ ಬಿಸಿಲಿನ ಈ ನಾಡಿನಲ್ಲಿಯೇ ಬಿಸಿಲಿನ ಜೀವಸತ್ವಕ್ಕೆ ಬರ ಬಂದಿದೆ. ಕೊರತೆ ತೀವ್ರವಾದಾಗ ಎಲುಬುಗಳು ಮೆತ್ತಗಾಗುತ್ತವೆ. ಸೊಂಟ, ತೊಡೆ, ಪಕ್ಕೆಲುಬುಗಳಲ್ಲಿ ಮಂದವಾದ ನೋವು, ನೆಲದಿಂದ ಕೈಯೂರದೆ ಏಳಲಾರದಷ್ಟು ಸ್ನಾಯುಗಳ ನಿಶ್ಶಕ್ತಿ ಕಾಣುತ್ತದೆ. ಇದನ್ನು ಕೀಲುಬೇನೆಯೆಂದು ಭ್ರಮಿಸುವುದುಂಟು. ಇಂತಹವರಿಗೆ ಡಿ ಜೀವಸತ್ವವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಗುಣ ಕಾಣುತ್ತದೆ.

ಆದರೆ ಕೊರತೆಯಿಲ್ಲದವರ ಮೊಣಕಾಲಿನ ಸವೆತ ಇದರಿಂದ ನಿಲ್ಲುವುದಿಲ್ಲ. ಅಮೆರಿಕೆಯ ಬಾಸ್ಟನ್ ನಗರದಲ್ಲಿ 146 ಮಂದಿ ಮೊಣಕಾಲುಬೇನೆಯವರನ್ನು ಎರಡು ವರ್ಷ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಡಿ ಜೀವಸತ್ವವನ್ನು ಪಡೆದವರಿಗೂ ಹುಸಿ ಮಾತ್ರೆ ಪಡೆದವರಿಗೂ ನೋವಿನಲ್ಲಾಗಲಿ ಮೃದ್ವಸ್ಥಿಯ ನಷ್ಟದಲ್ಲಾಗಲಿ ಗಣನೀಯ ವ್ಯತ್ಯಾಸವಿರಲಿಲ್ಲ.

ಪ್ರಮಾಣದ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಪೋಷಣ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಸೂಚಿಸಿದ ದಿನದ ಪ್ರಮಾಣ 600 ಯೂನಿಟ್. ಅಂಗಡಿಯಲ್ಲಿ ದೊರೆಯುವ ಪುಡಿಯ ಪೊಟ್ಟಣದಲ್ಲಿರುವುದು ಸಾಮಾನ್ಯವಾಗಿ 60,000 ಯೂನಿಟ್, ಅಂದರೆ ನೂರು ದಿನಗಳ ಪ್ರಮಾಣ. ವೈದ್ಯರು ಅದನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಮಾತ್ರ ಬರೆದುಕೊಡುತ್ತಾರೆ. ದಿನಕ್ಕೊಂದರಂತೆ ಸೇವಿಸಿದರೆ, ಅಥವಾ ತಿಂಗಳುಗಟ್ಟಲೆ ಕೇಳುವವರಿಲ್ಲದೆ ಮುಂದುವರಿಸಿದರೆ, ರಕ್ತದಲ್ಲಿ ಸುಣ್ಣದಂಶ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಬುದ್ಧಿಮಂದತೆ ಉಂಟಾಗಿ ಮೂತ್ರಪಿಂಡಗಳು ಕೆಡಬಹುದು. ಈ ಜೀವಸತ್ವವು ಕೊಬ್ಬಿನಲ್ಲಿ ಶೇಖರವಾಗುವುದರಿಂದ ಹೆಚ್ಚಾದುದು ಸುಲಭವಾಗಿ ಹೊರಹೋಗುವುದಿಲ್ಲ.

ಸುಣ್ಣದಂಶ

ರಕ್ತಪರೀಕ್ಷೆಯಲ್ಲಿ ಸುಣ್ಣದಂಶ ಸರಿಯಿದೆ ಎಂದು ಬಂದರೆ ಆಹಾರದಲ್ಲಿಯೂ ಸರಿಯಿದೆ ಎಂದು ತಿಳಿಯುವವರಿದ್ದಾರೆ. ಇದು ಚಾಲ್ತಿ ಖಾತೆಯ ಶಿಲ್ಕನ್ನು ಮಾತ್ರ ನೋಡಿ ಮನೆತನದ ಸ್ಥಿತಿಯನ್ನು ನಿರ್ಣಯಿಸಿದಂತೆ. ರಕ್ತದಲ್ಲಿ ಕಡಿಮೆಯಾದೊಡನೆ ಶರೀರವು ಎಲುಬೆಂಬ ಮುದ್ದತಿನ ಠೇವಣಿಯಿಂದ ತೆಗೆದು ಚಾಲ್ತಿ ಖಾತೆಗೆ ತುಂಬುತ್ತದೆ. ಶಿಲ್ಕು ಸರಿಯಾಗಿಯೇ ಕಾಣುತ್ತದೆ. ಠೇವಣಿ ಕರಗುತ್ತಾ ಹೋಗುತ್ತದೆ. ಆದುದರಿಂದ ರಕ್ತದ ಅಂಕಿಗಿಂತ ಊಟದ ಲೆಕ್ಕ ಹೆಚ್ಚು ಉಪಯುಕ್ತ.

ವಯಸ್ಕರಿಗೆ 2020ರ ಸೂಚನೆಯಂತೆ ದಿನಕ್ಕೆ 1,000 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅರ್ಧ ಲೀಟರ್ ಹಾಲು ಅಥವಾ ಅಷ್ಟೇ ಹಾಲಿನ ಮೊಸರಿನಿಂದ ಸುಮಾರು 600 ಮಿಲಿಗ್ರಾಂ ದೊರೆಯುತ್ತದೆ. ಸೊಪ್ಪು, ಬೇಳೆ, ಎಳ್ಳಿನ ಚಟ್ನಿಪುಡಿ ಸೇರಿದರೆ ಲೆಕ್ಕ ಪೂರ್ಣವಾಗುತ್ತದೆ, ಮಾತ್ರೆ ಬೇಕಾಗಿಲ್ಲ. ಆದರೆ ಮಂಡ್ಯ, ತುಮಕೂರುಗಳಿಂದ ಬಂದವರು ಇಲ್ಲಿ ಮುದ್ದೆಯನ್ನು ಬಿಟ್ಟು ಎರಡು ಹೊತ್ತೂ ಬಿಳಿಯ ಅನ್ನಕ್ಕೆ ಹೊಂದಿಕೊಂಡರೆ ಈ ಲೆಕ್ಕ ತಪ್ಪುತ್ತದೆ. 100 ಗ್ರಾಂ ಅಕ್ಕಿಯಲ್ಲಿರುವ ಸುಣ್ಣದಂಶ ಹತ್ತು ಮಿಲಿಗ್ರಾಮಿನ ಆಸುಪಾಸಿನಲ್ಲಿ ಮಾತ್ರ. ಬೀದರ, ಕಲಬುರ್ಗಿ, ರಾಯಚೂರುಗಳ ಜೋಳದ ರೊಟ್ಟಿ ಬೇರೆ ಗುಣಗಳಲ್ಲಿ ಶ್ರೇಷ್ಠವಾದರೂ ಸುಣ್ಣದಂಶದಲ್ಲಿ ರಾಗಿಗೆ ಸಮನಲ್ಲ. ಅಲ್ಲಿ ಕೊರತೆಯನ್ನು ತುಂಬಬೇಕಾದುದು ಮೊಸರು, ಮಜ್ಜಿಗೆ ಮತ್ತು ಸೊಪ್ಪಿನ ಪಲ್ಯ.

ಊಟದಿಂದ ಪೂರೈಸಲಾಗದವರಿಗೆ, ಮುಟ್ಟು ನಿಂತ ಅನಂತರ ಎಲುಬು ಸವೆಯುತ್ತಿರುವ ಸ್ತ್ರೀಯರಿಗೆ, ವೈದ್ಯರು ಮಾತ್ರೆಯನ್ನು ಸೂಚಿಸಬಹುದು. ಆಗ ಚೀಟಿಯಲ್ಲಿ ದೊಡ್ಡದಾಗಿ ಮುದ್ರಿತವಾದ ಅಂಕಿಗೆ ಮರುಳಾಗಬಾರದು. ಸುಣ್ಣದ ಕಾರ್ಬೊನೇಟಿನಲ್ಲಿ ನಿಜವಾದ ಸುಣ್ಣದಂಶ ಶೇಕಡ 40 ಮಾತ್ರ. 1,250 ಮಿಲಿಗ್ರಾಂ ಮಾತ್ರೆಯಿಂದ ದೊರೆಯುವುದು 500 ಮಿಲಿಗ್ರಾಂ. ಸಿಟ್ರೇಟಿನಲ್ಲಿ ಶೇಕಡ 21. ಕಾರ್ಬೊನೇಟನ್ನು ಊಟದೊಡನೆ ಸೇವಿಸಬೇಕು. ಸಿಟ್ರೇಟನ್ನು ಬರಿಹೊಟ್ಟೆಯಲ್ಲಿಯೂ ಸೇವಿಸಬಹುದು. ಒಂದೇ ಬಾರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಸೇವಿಸಿದರೆ ಹೀರಲ್ಪಡುವ ಪಾಲು ಕಡಿಮೆಯಾಗುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಕಬ್ಬಿಣಾಂಶದ ಮಾತ್ರೆಯೊಡನೆಯೂ ಇದನ್ನು ಕೂಡಿಸಬಾರದು. ಮೂತ್ರದಲ್ಲಿ ಕಲ್ಲು ಆದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟದಿರುವುದು ಲೇಸು.

ಗ್ಲುಕೋಸಮೈನ್ ಮೊದಲಾದವು

ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಮೃದ್ವಸ್ಥಿಯಲ್ಲಿಯೇ ಇರುವ ದ್ರವ್ಯಗಳು. ಇರುವ ದ್ರವ್ಯವನ್ನೇ ನುಂಗಿದರೆ ಅದು ಸ್ವಸ್ಥಾನಕ್ಕೆ ಹೋಗಿ ಸವೆತವನ್ನು ತುಂಬುತ್ತದೆ ಎಂಬುದು ಕೇಳಲು ಚೆನ್ನಾದ ವಾದ. ಆದರೆ ವಾದ ಬೇರೆ, ಪರೀಕ್ಷೆ ಬೇರೆ. ಅಮೆರಿಕೆಯ ಸರಕಾರದ ಆಶ್ರಯದಲ್ಲಿ 1,583 ರೋಗಿಗಳ ಮೇಲೆ 24 ವಾರ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಗ್ಲುಕೋಸಮೈನ್ ಪಡೆದವರಲ್ಲಿ ಶೇಕಡ 64ರಷ್ಟು ಜನರಿಗೆ ನೋವು ಐದರಲ್ಲೊಂದು ಪಾಲಾದರೂ ತಗ್ಗಿತು. ಇದು ಒಳ್ಳೆಯ ಫಲವೆಂದೇ ತೋರುತ್ತದೆ. ಆದರೆ ಏನೂ ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿಯೂ ಶೇಕಡ 60ರಷ್ಟು ಜನರಿಗೆ ಅಷ್ಟೇ ಗುಣ ಕಂಡಿತು. ಎರಡರ ನಡುವಣ ಅಂತರವು ಆಕಸ್ಮಿಕವೆನ್ನಬಹುದಾದಷ್ಟು ಅಲ್ಪ. ಹೆಚ್ಚು ನೋವಿದ್ದ ಸಣ್ಣ ಗುಂಪೊಂದರಲ್ಲಿ ಎರಡೂ ದ್ರವ್ಯಗಳು ಕೂಡಿ ಉಪಯೋಗವಾದಂತೆ ತೋರಿದ್ದರೂ, ಒಟ್ಟು ರೋಗಿಗಳಲ್ಲಿ ಆ ಲಾಭ ಕಂಡುಬರಲಿಲ್ಲ. 2019ರ ಅಮೆರಿಕದ ಸಂಧಿರೋಗ ತಜ್ಞರ ಮಾರ್ಗಸೂಚಿಯು ಮೊಣಕಾಲಿನ ಸವೆತಕ್ಕೆ ಇವೆರಡನ್ನೂ ಬಳಸಬಾರದೆಂದು ಖಂಡಿತವಾಗಿ ಹೇಳಿದೆ.

ಹಾಗಾದರೆ ‘ಈ ಡಬ್ಬಿಯಿಂದ ತನಗೆ ಗುಣವಾಯಿತು’ ಎನ್ನುವ ನೆರೆಯವರು ಸುಳ್ಳು ಹೇಳುತ್ತಿರುವರೇ? ಇಲ್ಲ. ಸವೆತದ ನೋವು ಏರಿಳಿಯುವ ಸ್ವಭಾವದ್ದು. ನೋವು ತಾರಕಕ್ಕೇರಿದ ದಿನವೇ ಮನುಷ್ಯನು ಅಂಗಡಿಗೆ ಹೋಗುತ್ತಾನೆ. ಇಳಿಯುವ ಕಾಲದಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಕೀರ್ತಿ ಡಬ್ಬಿಗೆ ಸಲ್ಲುತ್ತದೆ.

ಸಸ್ಯಾಹಾರಿಗಳು ತಿಳಿಯಬೇಕಾದ ಮತ್ತೊಂದು ಸಂಗತಿಯಿದೆ. ಗ್ಲುಕೋಸಮೈನನ್ನು ಬಹುಮಟ್ಟಿಗೆ ಸೀಗಡಿ, ಏಡಿಗಳ ಚಿಪ್ಪಿನಿಂದ, ಕಾಂಡ್ರಾಯ್ಟಿನನ್ನು ಪ್ರಾಣಿಗಳ ಮೃದ್ವಸ್ಥಿಯಿಂದ, ಕೊಲಾಜೆನನ್ನು ದನ, ಹಂದಿ, ಮೀನುಗಳ ಚರ್ಮ ಮತ್ತು ಎಲುಬುಗಳಿಂದ ತೆಗೆಯುತ್ತಾರೆ. ಗುಳಿಗೆಯ ಹೊರಕವಚವೂ ಸಾಮಾನ್ಯವಾಗಿ ಪ್ರಾಣಿಜನ್ಯ. ಮನೆಯಲ್ಲಿ ಮೊಟ್ಟೆಯನ್ನೂ ತರದವರು ಇವನ್ನು ತಿಳಿಯದೆ ಸೇವಿಸುವುದುಂಟು. ಸೀಗಡಿ ಒಗ್ಗದವರೂ ಜಾಗ್ರತೆಯಿಂದಿರಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವ ಹೃದ್ರೋಗಿಗಳಿಗೆ ಗ್ಲುಕೋಸಮೈನ್ ಕೂಡಿದರೆ ರಕ್ತಸ್ರಾವದ ಅಪಾಯವಿದೆ. ಅರಿಸಿನವು ಸಾರಿನಲ್ಲಿ ನಿರುಪದ್ರವಿ. ಆದರೆ ಅದರ ಸತ್ವವನ್ನು ಸಾಂದ್ರಗೊಳಿಸಿದ ಗುಳಿಗೆಗಳಿಂದ ಕೆಲವರಿಗೆ ಯಕೃತ್ತಿಗೆ ಹಾನಿಯಾದುದು ವರದಿಯಾಗಿದೆ.

ಚೀಟಿಯನ್ನು ಓದುವ ಬಗೆ

ಸಾಲದ ಪತ್ರಕ್ಕೆ ರುಜು ಹಾಕುವ ಮೊದಲು ಸಣ್ಣ ಅಕ್ಷರಗಳನ್ನು ಓದುವಂತೆ ಡಬ್ಬಿಯ ಸಣ್ಣ ಅಕ್ಷರಗಳನ್ನೂ ಓದಬೇಕು. ಭಾರತದ ಕಾನೂನಿನಲ್ಲಿ ಆರೋಗ್ಯ ಪೂರಕಗಳು ಆಹಾರದ ವರ್ಗಕ್ಕೆ ಸೇರಿದವು, ಔಷಧದ ವರ್ಗಕ್ಕಲ್ಲ. 2006ರ ಆಹಾರ ಸುರಕ್ಷತಾ ಅಧಿನಿಯಮದಡಿ 2016ರಲ್ಲಿ ಆದ ನಿಯಮಗಳಂತೆ ಇವುಗಳ ಮೇಲೆ ‘ಔಷಧೀಯ ಉಪಯೋಗಕ್ಕಲ್ಲ’ ಎಂಬರ್ಥದ ಇಂಗ್ಲಿಷ್ ಒಕ್ಕಣೆ ಇರತಕ್ಕದ್ದು. ಮುಂದೆ ಚಿಗರೆಯಂತೆ ಓಡುವವರ ಚಿತ್ರ, ಹಿಂದೆ ಈ ಒಕ್ಕಣೆ. ಎರಡನ್ನೂ ಓದಿದವರಿಗೆ ಮೋಸವಾಗುವುದು ಕಡಿಮೆ. ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಅಥವಾ ಮಾಂಸಾಹಾರದ ಕಂದು ಗುರುತು, ಒಂದು ಮಾತ್ರೆಯಲ್ಲಿರುವ ಪ್ರತಿ ದ್ರವ್ಯದ ತೂಕ, ಬಳಕೆಯ ಕೊನೆಯ ದಿನಾಂಕ ಇವು ಇಲ್ಲದ ಡಬ್ಬಿಯನ್ನು ಕೊಳ್ಳಬಾರದು. ಎರಡು ಬೇರೆ ಹೆಸರಿನ ಡಬ್ಬಿಗಳಲ್ಲಿ ಒಂದೇ ಜೀವಸತ್ವವಿದ್ದು, ತಿಳಿಯದೆಯೇ ಪ್ರಮಾಣ ಇಮ್ಮಡಿಯಾಗುವುದನ್ನೂ ಗಮನಿಸಬೇಕು.

ಹೆಸರಿಲ್ಲದ ಪೊಟ್ಟಣಗಳ ವಿಷಯದಲ್ಲಂತೂ ಎಚ್ಚರ ಇಮ್ಮಡಿಯಾಗಿರಬೇಕು. ‘ಎರಡು ದಿನದಲ್ಲಿ ನೋವು ಮಾಯ’ ಎನ್ನುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ನೋವು ಮಾಯವಾಗುವುದೂ ನಿಜ. ಮುಂದೆ ಮಧುಮೇಹ ಏರುವುದು, ಮುಖ ಊದುವುದು, ಎಲುಬು ಟೊಳ್ಳಾಗುವುದು ಅಷ್ಟೇ ನಿಜ.

ತಡಮಾಡಬಾರದ ಚಿಹ್ನೆಗಳು

ಬೆಳಗ್ಗೆ ಎದ್ದಾಗ ಕೀಲುಗಳ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಕಾಲ ಇರುವುದು, ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಊದುವುದು, ಒಂದು ಕೀಲು ಹಠಾತ್ತನೆ ಕೆಂಪಾಗಿ ಬಿಸಿಯಾಗಿ ಜ್ವರ ಬರುವುದು, ರಾತ್ರಿ ನಿದ್ರೆ ಕೆಡಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದೊಂದು ಕಂಡರೂ ಪೂರಕದ ಯೋಚನೆಯನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ರುಮಟಾಯ್ಡ್ ಸಂಧಿವಾತದಲ್ಲಿ ಮೊದಲ ತಿಂಗಳುಗಳ ಚಿಕಿತ್ಸೆಯೇ ಕೀಲನ್ನು ಉಳಿಸುವುದು. ಒಮ್ಮೆ ಕೆಟ್ಟ ಕೀಲು ಮತ್ತೆ ಮೊದಲಿನಂತಾಗದು. ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಪಾದಗಳ ಜುಮುಗುಟ್ಟುವಿಕೆ ಬಿ-12 ಜೀವಸತ್ವದ ಕೊರತೆಯಿಂದ ಬಂದಿರಬಹುದು. ಅದು ಕೀಲಿನ ರೋಗವಲ್ಲ, ನರದ ರೋಗ. ಅಲ್ಲಿ ಪರೀಕ್ಷೆ ಮಾಡಿಸಿ ಪೂರಕವನ್ನು ಸೇವಿಸುವುದು ಅತ್ಯಗತ್ಯ.

ಡಬ್ಬಿಯಲ್ಲಿ ದೊರೆಯದ ಪೂರಕ

ಮೊಣಕಾಲಿನ ಸವೆತಕ್ಕೆ ನಿಶ್ಚಿತವಾಗಿ ಉಪಕರಿಸುವ ಎರಡು ಉಪಾಯಗಳು ಯಾವ ಅಂಗಡಿಯಲ್ಲಿಯೂ ಮಾರಾಟಕ್ಕಿಲ್ಲ. ಮೊದಲನೆಯದು ತೂಕ ಇಳಿಸುವುದು. ಶರೀರದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ತೋರಿಸಿದೆ. ಐದು ಕಿಲೋ ಇಳಿಸಿದವರು ಪ್ರತಿ ಹೆಜ್ಜೆಗೂ ಇಪ್ಪತ್ತು ಕಿಲೋ ಅಕ್ಕಿಯ ಚೀಲವನ್ನು ಕೆಳಗಿಟ್ಟಂತೆ. ಎರಡನೆಯದು ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವುದು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು ಮೆಲ್ಲನೆ ಇಳಿಸುವುದು. ಪ್ರತಿ ಕಾಲಿಗೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಜೊತೆಗೆ ಸಮತಟ್ಟಾದ ನೆಲದಲ್ಲಿ ನಡಿಗೆ. ಆರಂಭದ ವಾರಗಳಲ್ಲಿ ಅಲ್ಪ ನೋವಿದ್ದರೂ ನಿಲ್ಲಿಸಬಾರದು. ಮರುದಿನದವರೆಗೂ ನೋವು ಉಳಿದರೆ ಪ್ರಮಾಣವನ್ನು ತಗ್ಗಿಸಬೇಕು.

ಹೀಗೆ ಪೂರಕವನ್ನು ಕೊಳ್ಳುವ ಮೊದಲು ಗೃಹಸ್ಥರು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ನೋವಿನ ಕಾರಣವನ್ನು ವೈದ್ಯರು ಗುರುತಿಸಿರುವರೇ? ಕೊರತೆಯಿದೆಯೆಂದು ಪರೀಕ್ಷೆಯಿಂದಾಗಲಿ ಊಟದ ಲೆಕ್ಕದಿಂದಾಗಲಿ ತಿಳಿದಿದೆಯೇ? ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದು ನಿಶ್ಚಯವಾಗಿದೆಯೇ? ಈಗಾಗಲೇ ಸೇವಿಸುತ್ತಿರುವ ಔಷಧಗಳೊಡನೆ ಇದು ಹೊಂದುವುದೇ? ನಾಲ್ಕಕ್ಕೂ ಹೌದೆಂಬ ಉತ್ತರವಿದ್ದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಒಂದಕ್ಕಾದರೂ ಇಲ್ಲವೆಂದಿದ್ದರೆ ಆ ತಿಂಗಳ ಹಣದಲ್ಲಿ ರಾಗಿ, ಹಾಲು, ಸೊಪ್ಪುಗಳನ್ನು ತರುವುದು ಲಾಭಕರ. ಉಳಿದುದನ್ನು ವೈದ್ಯರ ಸಲಹೆಗೆ ಮೀಸಲಿಡಬಹುದು.